ಲ್ಯುಕೇಮಿಯಾ ಚಿಕಿತ್ಸೆಯಲ್ಲಿರುವ ಮಗುವಿನ ತೂಕ

ರೋಣ ತಾಲ್ಲೂಕಿನ ಒಂದು ಹಳ್ಳಿಯಿಂದ ಹುಬ್ಬಳ್ಳಿಗೆ ಬಂದಿದ್ದ ತಾಯಿಯೊಬ್ಬರು ಹನ್ನೊಂದು ವರ್ಷದ ಮಗನನ್ನು ವಾರ್ಡಿನ ತೂಕದ ಯಂತ್ರದ ಮೇಲೆ ನಿಲ್ಲಿಸಿ, ಅಂಕಿ ನಿಲ್ಲುವವರೆಗೂ ಅದನ್ನೇ ನೋಡುತ್ತಿದ್ದರು. ಮೂರು ವಾರಗಳ ಹಿಂದೆ 36 ಕಿಲೋ ಇದ್ದ ಹುಡುಗ ಈಗ 41 ಕಿಲೋ ಆಗಿದ್ದ. "ಅಕ್ಕಾರ, ಐದು ಕಿಲೋ ಬಂದೈತ್ರಿ. ಔಷಧ ಮೈಗೆ ಹತ್ತೈತಿ ಅನಸ್ತೈತ್ರಿ" ಎಂದು ಅವರು ಬಹಳ ದಿನಗಳ ಮೇಲೆ ನಕ್ಕರು. ಹುಡುಗನ ಕೆನ್ನೆಗಳು ಉಬ್ಬಿ ದುಂಡಗಾಗಿದ್ದವು, ಹೊಟ್ಟೆ ಮುಂದೆ ಬಂದು ಅಂಗಿಯ ಕೊನೆಯ ಗುಂಡಿ ಹಾಕಲು ಬರುತ್ತಿರಲಿಲ್ಲ. ಆದರೆ ಅಂಗಿಯ ತೋಳಿನಿಂದ ಹೊರಗೆ ಕಾಣುತ್ತಿದ್ದ ರಟ್ಟೆಗಳು ಮೊದಲಿಗಿಂತ ತೆಳ್ಳಗಾಗಿದ್ದವು, ಯಂತ್ರದಿಂದ ಕೆಳಗಿಳಿಯುವಾಗ ಅವನು ತಾಯಿಯ ಹೆಗಲನ್ನು ಹಿಡಿದುಕೊಂಡೇ ಇಳಿದ.

ಆಸ್ಪತ್ರೆಯಲ್ಲಿ ಆಹಾರದ ಸಲಹೆ ಕೊಡುವುದು ನನ್ನ ಕೆಲಸ. ಆ ನಗುವಿನ ಎದುರು ನಿಂತು ಎರಡು ಮಾತಿನಲ್ಲಿ ಹೇಳಲು ಬಾರದ ವಿಷಯವನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ನಮ್ಮ ಕಡೆ ಮಗು ಮೈ ಹಿಡಿಯಿತೆಂದರೆ ಗುಣವಾಗುತ್ತಿದೆ ಎಂದೇ ಅರ್ಥ. ಹಸಿವು ಮತ್ತು ಸೊರಗುವಿಕೆಯನ್ನು ತಲೆಮಾರುಗಳಿಂದ ಕಂಡ ನಾಡಿನಲ್ಲಿ ಈ ನಂಬಿಕೆ ಬೇರೂರಿದ್ದು ಸಹಜ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 32.1ರಷ್ಟು ಮಕ್ಕಳ ತೂಕ ವಯಸ್ಸಿಗೆ ತಕ್ಕಷ್ಟಿಲ್ಲ. ಅದೇ ಸಮೀಕ್ಷೆ ಹೆಚ್ಚು ತೂಕದ ಮಕ್ಕಳ ಪ್ರಮಾಣವು ಹಿಂದಿನ ಶೇ. 2.1ರಿಂದ ಶೇ. 3.4ಕ್ಕೆ ಏರಿದ್ದನ್ನೂ ದಾಖಲಿಸಿದೆ. ಎರಡೂ ಬಗೆಯ ಮಕ್ಕಳು ಈಗ ಒಂದೇ ವಾರ್ಡಿನ ಅಕ್ಕಪಕ್ಕದ ಮಂಚಗಳಲ್ಲಿ ಮಲಗುತ್ತಾರೆ. ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಎರಡೂ ಬಗೆಯ ತೂಕಕ್ಕೆ ತಮ್ಮದೇ ಆದ ಅಪಾಯಗಳಿವೆ. ಕಡಿಮೆ ತೂಕದ ಅಪಾಯ ನಮಗೆ ಕಣ್ಣಿಗೆ ಕಾಣುತ್ತದೆ, ಹೆಚ್ಚು ತೂಕದ್ದು ಕಾಣುವುದಿಲ್ಲ. ಅದಕ್ಕೇ ಈ ಲೇಖನದ ಹೆಚ್ಚಿನ ಭಾಗ ಎರಡನೆಯದರ ಬಗ್ಗೆ ಇದೆ.

ಮೊದಲು ರೋಗದ ಸ್ವರೂಪವನ್ನು ತಿಳಿದುಕೊಳ್ಳೋಣ. ಮೂಳೆಗಳ ಒಳಗಿನ ಮಜ್ಜೆಯಲ್ಲಿ ರಕ್ತದ ಎಲ್ಲ ಬಗೆಯ ಕಣಗಳೂ ತಯಾರಾಗುತ್ತವೆ. ಅಲ್ಲಿ ಬಲಿಯದ ಒಂದು ಬಿಳಿರಕ್ತಕಣ ಹತೋಟಿ ತಪ್ಪಿ, ತನ್ನಂಥದ್ದೇ ಕಣಗಳನ್ನು ಹುಟ್ಟಿಸುತ್ತ ಮಜ್ಜೆಯನ್ನೆಲ್ಲ ಆಕ್ರಮಿಸಿಕೊಳ್ಳುವುದೇ ಲ್ಯುಕೇಮಿಯಾ. ಮಕ್ಕಳಲ್ಲಿ ಬಹುಪಾಲು ಕಾಣುವುದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ವೈದ್ಯರ ಬಾಯಲ್ಲಿ ಇದು ಎಎಲ್ಎಲ್. ಮಕ್ಕಳ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬರುವುದು ಇದೇ, ಪೂರ್ತಿ ಗುಣವಾಗುವ ಸಾಧ್ಯತೆ ಚೆನ್ನಾಗಿರುವ ಕ್ಯಾನ್ಸರುಗಳಲ್ಲಿಯೂ ಇದು ಸೇರಿದೆ. ಶ್ರೀಮಂತ ದೇಶಗಳಲ್ಲಿ ಇಂದು ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಗುಣಮುಖರಾಗುತ್ತಿದ್ದಾರೆ. ಮಗುವಿಗೆ ತಾವು ತಿನ್ನಿಸಿದ ಯಾವುದರಿಂದಲೋ ಈ ರೋಗ ಬಂತೇನೋ ಎಂದು ತಾಯಂದಿರು ತಗ್ಗಿದ ದನಿಯಲ್ಲಿ ಕೇಳುವುದುಂಟು. ಅವರ ಅಡುಗೆಯಿಂದ ಈ ರೋಗ ಬಂದಿಲ್ಲ. ಮುಂದೆ ನಾನು ಆಹಾರ, ತೂಕ, ಕೊಬ್ಬು ಎಂದು ಹೇಳುವುದೆಲ್ಲ ಚಿಕಿತ್ಸೆ ಆರಂಭವಾದ ಮೇಲಿನ ಮಾತು.

ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲಿನ ನಾಲ್ಕೈದು ವಾರಗಳ ಹಂತಕ್ಕೆ ಇಂಡಕ್ಷನ್ ಎನ್ನುತ್ತಾರೆ. ವಿನ್‌ಕ್ರಿಸ್ಟಿನ್, ಆಸ್ಪರಾಜಿನೇಸ್, ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಮತ್ತು ಅನೇಕ ಮಕ್ಕಳಿಗೆ ಡಾನೊರುಬಿಸಿನ್ ಈ ಹಂತದ ಔಷಧಗಳು. ಇಂಡಕ್ಷನ್ ಮುಗಿದಾಗ ಮಜ್ಜೆಯನ್ನು ತೆಗೆದು ಪರೀಕ್ಷಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರ್ ಕಣಗಳು ಶೇ. 5ಕ್ಕಿಂತ ಕಡಿಮೆ ಕಂಡರೆ ರೋಗ ಹತೋಟಿಗೆ ಬಂತು ಎನ್ನುತ್ತಾರೆ. ಆದರೆ ಸೂಕ್ಷ್ಮದರ್ಶಕದ ಕಣ್ಣಿಗೆ ಒಂದು ಮಿತಿಯಿದೆ. ಸುಗ್ಗಿಯ ಕಣದಲ್ಲಿ ಜೋಳದ ರಾಶಿಯನ್ನು ತೂರಿ ಹಸನು ಮಾಡಿದ ಮೇಲೂ ಕಾಳಿನ ನಡುವೆ ಕಳೆಯ ಬೀಜ ಉಳಿದಿರುವ ಹಾಗೆ, ಮಜ್ಜೆ ಹಸನಾಗಿ ಕಂಡರೂ ಒಳಗೆ ರೋಗದ ಕಣಗಳು ಉಳಿದಿರಬಹುದು. ಹೀಗೆ ಉಳಿದ ರೋಗಕ್ಕೆ ಎಂಆರ್‌ಡಿ ಎನ್ನುತ್ತಾರೆ. ಹತ್ತು ಸಾವಿರ ಕಣಗಳಲ್ಲಿ ಒಂದೇ ಒಂದು ರೋಗದ ಕಣವಿದ್ದರೂ ಹಿಡಿಯಬಲ್ಲ ಎಂಆರ್‌ಡಿ ಪರೀಕ್ಷೆ ಇರುವುದು ಇದಕ್ಕಾಗಿಯೇ. ಈ ಪರೀಕ್ಷೆಯ ಫಲಿತಾಂಶವು ಮುಂದೆ ರೋಗ ಮರುಕಳಿಸುವ ಸಾಧ್ಯತೆಯನ್ನು ತಿಳಿಸುವ ಅತ್ಯಂತ ಬಲವಾದ ಸೂಚನೆ. ಬೊಜ್ಜಿನ ಪ್ರಶ್ನೆ ಚಿಕಿತ್ಸೆಯೊಳಗೆ ಪ್ರವೇಶಿಸುವುದು ಇಲ್ಲಿಂದ.

ಅಮೆರಿಕದಲ್ಲಿ 1988ರಿಂದ 1995ರವರೆಗೆ ಚಿಕಿತ್ಸೆ ಪಡೆದ 4,260 ಎಎಲ್ಎಲ್ ಮಕ್ಕಳ ದಾಖಲೆಗಳನ್ನು ಆಧರಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ರೋಗ ಪತ್ತೆಯಾದಾಗ ಬೊಜ್ಜು ಇದ್ದ ಮಕ್ಕಳಲ್ಲಿ ಐದು ವರ್ಷ ರೋಗ ಮರುಕಳಿಸುವುದು, ಸಾವು ಇಂಥ ಯಾವ ಅವಘಡವೂ ಇಲ್ಲದೆ ಉಳಿದವರು ಶೇ. 72, ಉಳಿದ ಮಕ್ಕಳಲ್ಲಿ ಶೇ. 77. ರೋಗ ಮರುಕಳಿಸಿದ ಪ್ರಮಾಣ ಮೊದಲಿನವರಲ್ಲಿ ಶೇ. 26, ಎರಡನೆಯವರಲ್ಲಿ ಶೇ. 20. ಈ ವ್ಯತ್ಯಾಸ ಬಹಳ ಸ್ಪಷ್ಟವಾಗಿ ಕಂಡದ್ದು ಹತ್ತು ವರ್ಷ ಮತ್ತು ಅದಕ್ಕಿಂತ ದೊಡ್ಡ ಮಕ್ಕಳಲ್ಲಿ. ಶೇಕಡಾ ಐದಾರರ ಅಂತರ ಕೇಳಲು ಚಿಕ್ಕದಾಗಿ ತೋರುತ್ತದೆ. ನೂರು ಮಕ್ಕಳ ವಾರ್ಡಿನಲ್ಲಿ ಅದು ಐದಾರು ಮಕ್ಕಳ ಹೆಸರು ಎಂದು ಎಣಿಸಿದಾಗ ಅದರ ಭಾರ ತಿಳಿಯುತ್ತದೆ.

ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. 2006ರಲ್ಲಿ ಅಮೆರಿಕದ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಯ ವೈದ್ಯರು 621 ಮಕ್ಕಳನ್ನು ಪರಿಶೀಲಿಸಿ, ದೇಹದ ತೂಕಕ್ಕೂ ಚಿಕಿತ್ಸೆಯ ಫಲಕ್ಕೂ ಸಂಬಂಧ ಕಾಣಲಿಲ್ಲ ಎಂದು ಬರೆದಿದ್ದರು. ಚಿಕಿತ್ಸೆಯ ಕ್ರಮ, ಮಕ್ಕಳ ವಯಸ್ಸು, ಬೊಜ್ಜನ್ನು ಅಳೆಯುವ ರೀತಿ ಬೇರೆಬೇರೆಯಾದಾಗ ಫಲಿತಾಂಶವೂ ಬೇರೆಯಾಗುತ್ತದೆ. ಆದರೆ 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ರೋಗ ಪತ್ತೆಯಾದ ಹೊತ್ತಿಗೆ ತೂಕ ಹೆಚ್ಚಿದ್ದ ಎಎಲ್ಎಲ್ ಮಕ್ಕಳಲ್ಲಿ ಕೆಟ್ಟ ಫಲಿತಾಂಶದ ಸಾಧ್ಯತೆ ಸುಮಾರು ಮೂರನೆಯ ಒಂದರಷ್ಟು ಹೆಚ್ಚೆಂದು ಕಂಡುಬಂತು. 198 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಬೊಜ್ಜು ಇದ್ದ ಮಕ್ಕಳಲ್ಲಿ ಇಂಡಕ್ಷನ್ ಮುಗಿದಾಗಲೂ ಎಂಆರ್‌ಡಿ ಉಳಿದಿರುವ ಸಾಧ್ಯತೆ ಹೆಚ್ಚೆಂದು ತೋರಿಸಿತು. ಅಂದರೆ ತೂಕದ ಪ್ರಭಾವ ವರ್ಷಗಳ ನಂತರ ಎಲ್ಲೋ ಕಾಣಿಸಿಕೊಳ್ಳುವಂಥದ್ದಷ್ಟೇ ಅಲ್ಲ, ಮೊದಲ ತಿಂಗಳಿನಲ್ಲಿಯೇ ಔಷಧದ ಕೆಲಸಕ್ಕೆ ಅಡ್ಡ ಬರುವಂಥದ್ದು.

ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ತೋರುವುದು ಅದೇ ವರ್ಷ ಬಂದ ಮತ್ತೊಂದು ಅಧ್ಯಯನ. ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ತೂಕವನ್ನು ರೋಗ ಪತ್ತೆಯಾದ ದಿನ ಒಮ್ಮೆ ನೋಡಿ ಬಿಡದೆ, ಚಿಕಿತ್ಸೆಯ ತೀವ್ರ ಹಂತಗಳ ಉದ್ದಕ್ಕೂ ಗಮನಿಸಿದರು. ಎಷ್ಟು ಹೆಚ್ಚು ಕಾಲ ಬೊಜ್ಜು ಇತ್ತೋ ಫಲಿತಾಂಶ ಅಷ್ಟು ಕೆಟ್ಟಿತು. ಎಷ್ಟು ಹೆಚ್ಚು ಕಾಲ ತೂಕ ಅತಿ ಕಡಿಮೆ ಇತ್ತೋ ಆಗಲೂ ಹಾಗೆಯೇ. ಮೊದಲು ಬೊಜ್ಜು ಇದ್ದು ಚಿಕಿತ್ಸೆಯ ನಡುವೆ ತೂಕ ಹದಕ್ಕೆ ಬಂದ ಮಕ್ಕಳ ಫಲಿತಾಂಶವಾದರೋ ಎಂದೂ ಬೊಜ್ಜೇ ಇರದ ಮಕ್ಕಳ ಫಲಿತಾಂಶದ ಹತ್ತಿರಕ್ಕೆ ಬಂತು. ಮಗುವಿನ ವಯಸ್ಸನ್ನಾಗಲಿ, ಕ್ಯಾನ್ಸರ್ ಕಣದೊಳಗಿನ ವರ್ಣತಂತುಗಳ ದೋಷವನ್ನಾಗಲಿ ನಾವು ಬದಲಿಸಲಾರೆವು. ಇಂಥ ಅಪಾಯದ ಅಂಶಗಳ ದೊಡ್ಡ ಪಟ್ಟಿಯಲ್ಲಿ ತಾಯಿಯ ಅಡುಗೆಮನೆಗೂ ಮಗುವಿನ ಕಾಲುಗಳಿಗೂ ಎಟಕುವ ಅಂಶ ತೂಕವೊಂದೇ ಎನ್ನಬಹುದು.

ಹಾಗಾದರೆ ಕೊಬ್ಬು ಮಾಡುವುದಾದರೂ ಏನು? ಕೊಬ್ಬೆಂದರೆ ಚರ್ಮದ ಕೆಳಗೆ ಸುಮ್ಮನೆ ಕೂತ ದಾಸ್ತಾನು ಎಂದು ಬಹಳ ಜನ ತಿಳಿದಿದ್ದಾರೆ. ಕೊಬ್ಬಿನ ಕಣಗಳು ಜೀವಂತ ಕಣಗಳು. ಅವು ಹಾರ್ಮೋನುಗಳನ್ನೂ ಉರಿಯೂತ ಹುಟ್ಟಿಸುವ ವಸ್ತುಗಳನ್ನೂ ಪೋಷಕಾಂಶಗಳನ್ನೂ ನೆರೆಯ ಕಣಗಳಿಗೆ ಕಳಿಸುತ್ತಿರುತ್ತವೆ. ಅವು ಹೊಟ್ಟೆ ತೊಡೆಗಳಲ್ಲಿ ಮಾತ್ರ ಇರುವುದೂ ಇಲ್ಲ. ಹುಟ್ಟಿದ ಕೂಸಿನ ಮಜ್ಜೆ ಬಹುತೇಕ ಕೆಂಪಾಗಿರುತ್ತದೆ, ಬೆಳೆಯುತ್ತ ಹೋದಂತೆ ಅದರ ಒಂದು ಭಾಗ ಕೊಬ್ಬು ತುಂಬಿ ಹಳದಿಯಾಗುತ್ತದೆ. ಕಿಮೋಥೆರಪಿಯಿಂದ ಮಜ್ಜೆಯ ಕಣಗಳು ಬರಿದಾದ ಜಾಗದಲ್ಲಿಯೂ ಕೊಬ್ಬಿನ ಕಣಗಳು ಬಂದು ಕೂರುತ್ತವೆ. ಲ್ಯುಕೇಮಿಯಾದ ಕಣಗಳ ಮಗ್ಗುಲಲ್ಲಿಯೇ ಕೊಬ್ಬಿನ ಮನೆ ಇರುತ್ತದೆ ಎಂದರೆ ತಪ್ಪಾಗದು.

ಈ ನೆರೆಹೊರೆಯ ಸಂಬಂಧವನ್ನು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಸ್ಟೀವನ್ ಮಿಟಲ್‌ಮನ್ ಅವರ ಪ್ರಯೋಗಾಲಯವು ವರ್ಷಗಟ್ಟಲೆ ಕೂತು ಬಿಡಿಸಿದೆ. 2009ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಬೊಜ್ಜು ಬೆಳೆಸಿದ ಇಲಿಗಳಿಗೂ ಸಾಧಾರಣ ಮೈಕಟ್ಟಿನ ಇಲಿಗಳಿಗೂ ಒಂದೇ ಬಗೆಯ ಲ್ಯುಕೇಮಿಯಾ ಕೊಟ್ಟು, ತೂಕಕ್ಕೆ ತಕ್ಕ ವಿನ್‌ಕ್ರಿಸ್ಟಿನ್ ನೀಡಿದಾಗ ಬೊಜ್ಜಿನ ಇಲಿಗಳಲ್ಲಿ ಔಷಧ ಅಷ್ಟಾಗಿ ನಾಟಲಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಕೊಬ್ಬಿನ ಕಣಗಳ ಜೊತೆ ಬೆಳೆಸಿದ ಲ್ಯುಕೇಮಿಯಾ ಕಣಗಳು ವಿನ್‌ಕ್ರಿಸ್ಟಿನ್, ಡೆಕ್ಸಾಮೆಥಾಸೋನ್, ಡಾನೊರುಬಿಸಿನ್ ಮೂರನ್ನೂ ತಾಳಿಕೊಂಡು ಬದುಕಿದವು. ಈ ರಕ್ಷಣೆ ಒಂದೇ ದಾರಿಯಿಂದ ಬರುವುದಿಲ್ಲ ಎಂಬುದು ಮುಂದಿನ ವರ್ಷಗಳಲ್ಲಿ ಗೊತ್ತಾಯಿತು.

ಆಸ್ಪರಾಜಿನೇಸ್‌ನ ಕತೆಯನ್ನು ನಾನು ತಂದೆತಾಯಿಗಳಿಗೆ ಹೀಗೆ ಹೇಳುತ್ತೇನೆ. ನಮ್ಮ ದೇಹದ ಬಹುತೇಕ ಕಣಗಳು ಆಸ್ಪರಾಜಿನ್ ಎಂಬ ಅಮೈನೋ ಆಮ್ಲವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಲ್ಯುಕೇಮಿಯಾದ ಕಣಗಳಿಗೆ ಬೇಕಾದಷ್ಟು ತಯಾರಿಸಿಕೊಳ್ಳಲು ಬರುವುದಿಲ್ಲ, ರಕ್ತದಲ್ಲಿ ಸಿಕ್ಕುವುದನ್ನೇ ಅವು ನೆಚ್ಚಿಕೊಂಡಿರುತ್ತವೆ. ಆಸ್ಪರಾಜಿನೇಸ್ ಔಷಧವು ರಕ್ತದಲ್ಲಿರುವ ಆ ಆಮ್ಲವನ್ನು ಒಡೆದು ಹಾಕಿ ಕ್ಯಾನ್ಸರ್ ಕಣಗಳನ್ನು ಉಪವಾಸ ಕೆಡವುತ್ತದೆ, ಗ್ಲುಟಮಿನ್ ಎಂಬ ಇನ್ನೊಂದು ಅಮೈನೋ ಆಮ್ಲವನ್ನೂ ತಗ್ಗಿಸುತ್ತದೆ. ಊರಿನ ಸಂತೆಯನ್ನೇ ಮುಚ್ಚಿಸಿದ ಹಾಗೆ. ಆದರೆ ಕೊಬ್ಬಿನ ಕಣಗಳು ಗ್ಲುಟಮಿನ್ ತಯಾರಿಸಿ ಹೊರಗೆ ಬಿಡುತ್ತವೆ. ಸಂತೆ ಮುಚ್ಚಿದರೂ ಹಿತ್ತಲ ಬಾಗಿಲಿನಿಂದ ಕಾಳು ಸಿಕ್ಕುತ್ತಲೇ ಇರುತ್ತದೆ. 2013ರಲ್ಲಿ ಅದೇ ತಂಡ ಇದನ್ನು ವಿವರವಾಗಿ ತೋರಿಸಿತು. ಡಾನೊರುಬಿಸಿನ್‌ನದು ಇನ್ನೊಂದು ಬಗೆ. ಕೊಬ್ಬಿನ ಕಣಗಳು ಆ ಔಷಧವನ್ನು ಹೀರಿಕೊಂಡು, ತಮ್ಮೊಳಗಿನ ಕಿಣ್ವಗಳಿಂದ ಅದನ್ನು ಕಸುವಿಲ್ಲದ ವಸ್ತುವಾಗಿ ಮಾರ್ಪಡಿಸಿಬಿಡುತ್ತವೆ ಎಂಬುದು 2017ರ ಸಂಶೋಧನೆ. ಸುತ್ತ ಕೊಬ್ಬಿರುವ ಕಡೆ ರೋಗದ ಕಣವನ್ನು ತಲುಪುವ ಔಷಧವೇ ಕಡಿಮೆಯಾಗುತ್ತದೆ. ಇದರ ಮೇಲೆ ಕೊಬ್ಬಿನ ಕಣಗಳು ರೋಗದ ಕಣಗಳಿಗೆ ಕೊಬ್ಬಿನಾಮ್ಲಗಳನ್ನು ಇಂಧನವಾಗಿ ಒದಗಿಸುವುದನ್ನೂ, ಲ್ಯುಕೇಮಿಯಾ ಕಣಗಳು ಕೊಬ್ಬಿನ ಕಡೆಗೆ ತಾವಾಗಿಯೇ ಸರಿದು ಹೋಗುವುದನ್ನೂ ಕಂಡಿದ್ದಾರೆ. ಇವುಗಳಲ್ಲಿ ಹೆಚ್ಚಿನವು ಇಲಿಯಲ್ಲಿ ಮತ್ತು ತಟ್ಟೆಯಲ್ಲಿ ಕಂಡ ಸಂಗತಿಗಳು ಎಂಬುದನ್ನು ಮರೆಯಬಾರದು. ಆದರೂ ಮಕ್ಕಳ ದಾಖಲೆಗಳಲ್ಲಿ ಕಂಡದ್ದಕ್ಕೂ ಇದಕ್ಕೂ ತಾಳೆಯಾಗುತ್ತದೆ.

ಔಷಧದ ಅಳತೆಯ ಪ್ರಶ್ನೆ ಬೇರೆ. ಕಿಮೋಥೆರಪಿಯ ಬಹುಪಾಲು ಔಷಧಗಳನ್ನು ಮೈಯ ಹೊರಮೈ ವಿಸ್ತೀರ್ಣದ ಲೆಕ್ಕದಲ್ಲಿ ಕೊಡುತ್ತಾರೆ. ಎತ್ತರದ ಸೆಂಟಿಮೀಟರನ್ನು ತೂಕದ ಕಿಲೋದಿಂದ ಗುಣಿಸಿ, 3600ರಿಂದ ಭಾಗಿಸಿ, ಬಂದದ್ದರ ವರ್ಗಮೂಲ ತೆಗೆದರೆ ವಿಸ್ತೀರ್ಣ ಚದರ ಮೀಟರಿನಲ್ಲಿ ಸಿಗುತ್ತದೆ. 150 ಸೆಂಟಿಮೀಟರ್ ಎತ್ತರದ ಇಬ್ಬರು ಮಕ್ಕಳನ್ನು ಊಹಿಸಿಕೊಳ್ಳಿ, ಒಬ್ಬಳು 40 ಕಿಲೋ, ಇನ್ನೊಬ್ಬಳು 60 ಕಿಲೋ. ಮೊದಲಿನವಳ ವಿಸ್ತೀರ್ಣ ಸುಮಾರು 1.29, ಎರಡನೆಯವಳದು 1.58. ವಿನ್‌ಕ್ರಿಸ್ಟಿನ್‌ನ ರೂಢಿಯ ಪ್ರಮಾಣ ಪ್ರತಿ ಚದರ ಮೀಟರಿಗೆ 1.5 ಮಿಲಿಗ್ರಾಂ. ಹಾಗಾಗಿ ಒಬ್ಬಳಿಗೆ 1.94 ಮಿಲಿಗ್ರಾಂ ಬೇಕು, ಇನ್ನೊಬ್ಬಳಿಗೆ 2.37. ಆದರೆ ನರಗಳಿಗೆ ಪೆಟ್ಟು ಬೀಳಬಾರದೆಂದು ಈ ಔಷಧವನ್ನು ಒಮ್ಮೆಗೆ 2 ಮಿಲಿಗ್ರಾಮಿಗಿಂತ ಹೆಚ್ಚು ಕೊಡುವುದಿಲ್ಲ. ಭಾರದ ಹುಡುಗಿಗೆ ಅವಳ ಮೈಗೆ ಲೆಕ್ಕ ಹಾಕಿದ್ದಕ್ಕಿಂತ ಕಡಿಮೆ ಔಷಧ ಸಿಕ್ಕಂತಾಯಿತು. ಮಿತಿ ಇರುವುದು ಸುರಕ್ಷತೆಗಾಗಿ, ಅದನ್ನು ಮೀರುವಂತಿಲ್ಲ. ಮಿತಿಯಿಲ್ಲದ ಔಷಧಗಳನ್ನು ಬೊಜ್ಜಿಗೆ ಅಂಜಿ ಕಡಿಮೆ ಮಾಡದೆ, ನಿಜವಾದ ತೂಕದ ಲೆಕ್ಕದಲ್ಲಿ ಪೂರ್ತಿ ಕೊಡಬೇಕೆಂಬುದು ಈಗ ಒಪ್ಪಿತವಾದ ಕ್ರಮ. ವಿನ್‌ಕ್ರಿಸ್ಟಿನ್ ನಮ್ಮ ಹಿತ್ತಲುಗಳಲ್ಲಿ ಗುಲಾಬಿ ಬಣ್ಣದ ಹೂ ಬಿಡುವ ನಿತ್ಯಪುಷ್ಪದ ಗಿಡದಿಂದ ಬಂದದ್ದು. ಅದನ್ನು ಕೇಳಿ ಗಿಡದ ಎಲೆಯ ಕಷಾಯ ಕುಡಿಸಲು ಹೊರಟವರನ್ನು ನಾನು ತಡೆದದ್ದುಂಟು. ಅಳತೆ ಗೊತ್ತಿಲ್ಲದ ಆ ಕಷಾಯ ಮಗುವಿಗೆ ವಿಷವಾಗಬಹುದು, ದಯವಿಟ್ಟು ಹಾಗೆ ಮಾಡಬೇಡಿ.

ಇನ್ನು ಔಷಧಗಳ ಅಡ್ಡಪರಿಣಾಮ. ಆಸ್ಪರಾಜಿನೇಸ್ ಯಕೃತ್ತಿಗೂ ಮೇದೋಜೀರಕ ಗ್ರಂಥಿಗೂ ತೊಂದರೆ ಕೊಡಬಲ್ಲ ಔಷಧ. ಬೊಜ್ಜು ಇರುವ ಮಕ್ಕಳಲ್ಲಿ, ಅದರಲ್ಲಿಯೂ ಹದಿವಯಸ್ಸಿನವರಲ್ಲಿ, ಈ ಎರಡು ಅಂಗಗಳ ತೊಂದರೆ ಹೆಚ್ಚಾಗಿ ಕಾಣುತ್ತದೆ. ಸ್ಟೀರಾಯ್ಡ್ ಮತ್ತು ಆಸ್ಪರಾಜಿನೇಸ್ ಜೊತೆಯಾಗಿ ರಕ್ತದ ಸಕ್ಕರೆಯನ್ನು ಏರಿಸುತ್ತವೆ, ಮೊದಲೇ ಬೊಜ್ಜು ಇದ್ದರೆ ಇನ್ನಷ್ಟು ಏರುತ್ತದೆ, ಸಕ್ಕರೆ ಏರಿದ ಮೈಯಲ್ಲಿ ಸೋಂಕು ಸುಲಭವಾಗಿ ನೆಲೆಯೂರುತ್ತದೆ. ಹೀಗೆ ಒಂದೊಂದು ತೊಂದರೆ ಬಂದಾಗಲೂ ಮುಂದಿನ ಔಷಧವನ್ನು ಕೆಲವು ದಿನ ತಡೆಹಿಡಿಯಬೇಕಾಗುತ್ತದೆ, ಕೆಲವೊಮ್ಮೆ ಆಸ್ಪರಾಜಿನೇಸನ್ನೇ ಕೈಬಿಡಬೇಕಾಗುತ್ತದೆ. ಕಳೆಯ ಬೀಜಕ್ಕೆ ಮೊಳೆಯಲು ಸಿಕ್ಕ ಬಿಡುವು ಅದು.

ಆ ರೋಣದ ಹುಡುಗನ ಐದು ಕಿಲೋ ಎಲ್ಲಿಂದ ಬಂತೆಂದರೆ, ಬಹುಪಾಲು ಸ್ಟೀರಾಯ್ಡಿನಿಂದ. ಲ್ಯುಕೇಮಿಯಾ ಕಣಗಳನ್ನು ಕೊಲ್ಲುವುದರಲ್ಲಿ ಡೆಕ್ಸಾಮೆಥಾಸೋನ್‌ಗೆ ಮುಖ್ಯ ಪಾಲಿದೆ, ಅದನ್ನು ಬಿಡುವಂತಿಲ್ಲ. ಆದರೆ ಅದು ತರುವ ಹಸಿವು ಸಾಧಾರಣ ಹಸಿವಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ರೊಟ್ಟಿ ಬೇಕು, ಗಿರ್ಮಿಟ್ ಬೇಕು, ಮಿರ್ಚಿಬಜಿ ಬೇಕು ಎಂದು ಅಳುವ ಮಕ್ಕಳಿದ್ದಾರೆ. ತಿಂದು ಅರ್ಧ ತಾಸಿಗೆ ಮತ್ತೆ ಕೇಳುತ್ತಾರೆ. ಉಪ್ಪು ಖಾರದ ಕಡೆಗೆ ಅವರ ನಾಲಿಗೆ ಎಳೆಯುತ್ತದೆ. ಇದು ಹಟಮಾರಿತನವಲ್ಲ, ಔಷಧದ ಕೆಲಸ ಎಂದು ತಿಳಿದರೆ ಬೈಯುವ ಬಾಯಿ ತಡೆಯುತ್ತದೆ. ಅದೇ ಔಷಧ ಸ್ನಾಯುಗಳನ್ನು ಕರಗಿಸುತ್ತದೆ, ಮೈಯಲ್ಲಿ ನೀರು ನಿಲ್ಲಿಸುತ್ತದೆ, ಕೊಬ್ಬನ್ನು ಮುಖಕ್ಕೂ ಹೊಟ್ಟೆಗೂ ಸೇರಿಸುತ್ತದೆ. ತೂಕದ ಯಂತ್ರ ಇವೆಲ್ಲವನ್ನೂ ಕೂಡಿಸಿ ಒಂದೇ ಅಂಕಿ ತೋರಿಸುವುದರಿಂದ, 41 ಎಂಬ ಅಂಕಿಯೊಳಗೆ ಕಳೆದುಹೋದ ಸ್ನಾಯು ಕಾಣಲಿಲ್ಲ. ತಾಯಿಗೆ ನಾನು ತೋರಿಸಿದ್ದು ಹುಡುಗನ ರಟ್ಟೆಯನ್ನು. ಅಳತೆಯ ಪಟ್ಟಿ ಸುತ್ತಿ ನೋಡಿದಾಗ ಮೂರು ವಾರಗಳ ಹಿಂದಿನ ಅಳತೆಗಿಂತ ಒಂದು ಸೆಂಟಿಮೀಟರ್ ಕಡಿಮೆಯಿತ್ತು. ಅವರು ಪಟ್ಟಿಯನ್ನು ತಾವೇ ಕೈಗೆ ತೆಗೆದುಕೊಂಡು ಇನ್ನೊಮ್ಮೆ ಸುತ್ತಿ ನೋಡಿದರು.

ಬೊಜ್ಜನ್ನು ಗುರುತಿಸುವ ರೂಢಿಯ ವಿಧಾನ ಬಿಎಂಐ, ಅಂದರೆ ಕಿಲೋ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿ ಬರುವ ಅಂಕಿ. ಹುಡುಗನ ಎತ್ತರ 142 ಸೆಂಟಿಮೀಟರ್. ಅವನ ಬಿಎಂಐ ಮೂರು ವಾರಗಳಲ್ಲಿ 17.9ರಿಂದ 20.3ಕ್ಕೆ ಏರಿತ್ತು. ದೊಡ್ಡವರಿಗೆ 20 ಎಂದರೆ ಏನೂ ಅಲ್ಲ, ಮಕ್ಕಳಿಗೆ ಹಾಗಲ್ಲ. ಮಕ್ಕಳಲ್ಲಿ ಈ ಅಂಕಿಯನ್ನು ವಯಸ್ಸು ಮತ್ತು ಲಿಂಗಕ್ಕೆ ತಕ್ಕ ನಕ್ಷೆಯಲ್ಲಿಟ್ಟು ಓದಬೇಕು. ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ ಹೊರತಂದ ನಕ್ಷೆಗಳಲ್ಲಿ ದೊಡ್ಡವರ 23ಕ್ಕೆ ಸಮನಾದ ಗೆರೆ ದಾಟಿದರೆ ಹೆಚ್ಚು ತೂಕ, 27ಕ್ಕೆ ಸಮನಾದ ಗೆರೆ ದಾಟಿದರೆ ಬೊಜ್ಜು. ಲ್ಯುಕೇಮಿಯಾದಲ್ಲಿ ಯಕೃತ್ತು, ಗುಲ್ಮ ಊದಿಕೊಂಡಿರುವುದರಿಂದಲೂ ತೂಕ ಏರಿ ತೋರುತ್ತದೆ. ಅದಕ್ಕಾಗಿ ರಟ್ಟೆಯ ಸುತ್ತಳತೆಯನ್ನೂ ಜೊತೆಗೆ ನೋಡುವುದು ಒಳ್ಳೆಯದು, ಅದಕ್ಕೆ ಬೇಕಾಗುವುದು ಒಂದು ಪಟ್ಟಿ ಮಾತ್ರ.

ಇಷ್ಟು ಓದಿದ ಮೇಲೆ ಮಗುವಿನ ಊಟ ಕಡಿಮೆ ಮಾಡಬೇಕು ಎಂದು ಯಾರಾದರೂ ನಿರ್ಧರಿಸಿದರೆ ನನ್ನ ಬರಹ ಕೆಡುಕನ್ನೇ ಮಾಡಿದಂತಾಗುತ್ತದೆ. ತೂಕ ಕಡಿಮೆಯಿರುವ ಮಗು ಸೋಂಕನ್ನು ತಡೆದುಕೊಳ್ಳಲಾರದು, ಕಿಮೋಥೆರಪಿಯ ಹೊಡೆತದಿಂದ ಬೇಗ ಚೇತರಿಸಿಕೊಳ್ಳಲಾರದು. ಗದಗ, ಹಾವೇರಿಯ ಹಳ್ಳಿಗಳಿಂದ ಬರುವ ಅನೇಕ ಮಕ್ಕಳ ತೊಂದರೆ ಇಂದಿಗೂ ಇದೇ. ಅಂಥ ಮಗುವಿಗೆ ಶೇಂಗಾ, ಮೊಟ್ಟೆ, ಹಾಲು, ತುಪ್ಪ ಎಲ್ಲವೂ ಬೇಕು. ಪಥ್ಯದ ಹೆಸರಿನಲ್ಲಿ ಬೇಳೆ ಬಿಡಿಸಿ, ಮೊಸರು ಬಿಡಿಸಿ ಗಂಜಿಯ ಮೇಲಿಟ್ಟ ಮಕ್ಕಳನ್ನೂ, ಹರಕೆ ಹೊತ್ತು ಸೋಮವಾರ ಒಪ್ಪತ್ತು ಮಾಡಿಸಿದ ಮಕ್ಕಳನ್ನೂ ನಾನು ಕಂಡಿದ್ದೇನೆ. ಹರಕೆಯನ್ನು ದೊಡ್ಡವರು ಹೊರಲಿ, ಮಗು ಊಟ ಮಾಡಲಿ.

ಹೆಚ್ಚು ತೂಕದ ಮಕ್ಕಳ ವಿಷಯದಲ್ಲಿ ಆಹಾರ ಬದಲಿಸಿದರೆ ಫಲವಿದೆಯೇ ಎಂಬುದನ್ನು ನೇರವಾಗಿ ಪರೀಕ್ಷಿಸಿದ ಪ್ರಯೋಗವೊಂದಿದೆ. ಐಡಿಯಲ್ ಎಂಬ ಹೆಸರಿನ ಆ ಪ್ರಯೋಗದ ವರದಿ 2021ರಲ್ಲಿ ಬಂತು. ಹತ್ತರಿಂದ ಇಪ್ಪತ್ತೊಂದು ವರ್ಷದ 40 ರೋಗಿಗಳಿಗೆ, ರೋಗ ಪತ್ತೆಯಾದ ಕೂಡಲೇ, ಇಂಡಕ್ಷನ್ ಹಂತದ ಉದ್ದಕ್ಕೂ ಕೊಬ್ಬು ಮತ್ತು ಸಕ್ಕರೆ ತಗ್ಗಿಸಿ ಪ್ರೋಟೀನ್ ಉಳಿಸಿಕೊಂಡ ಆಹಾರವನ್ನೂ ದಿನನಿತ್ಯದ ವ್ಯಾಯಾಮವನ್ನೂ ಯೋಜಿಸಿಕೊಟ್ಟು, ದೇಹಕ್ಕೆ ಸಿಗುವ ಶಕ್ತಿಯಲ್ಲಿ ಶೇ. 20ರಷ್ಟು ಕೊರತೆಯಾಗುವಂತೆ ನೋಡಿಕೊಂಡರು. ಮೊದಲೇ ಹೆಚ್ಚು ತೂಕವಿದ್ದವರಲ್ಲಿ ಕೊಬ್ಬು ಸೇರುವುದು ಕಡಿಮೆಯಾಯಿತು. ಇದಕ್ಕೆ ಮೊದಲು ಅದೇ ಬಗೆಯ ಕಿಮೋಥೆರಪಿ ಪಡೆದಿದ್ದವರಿಗೆ ಹೋಲಿಸಿದರೆ, ಇಂಡಕ್ಷನ್ ಕೊನೆಯಲ್ಲಿ ಎಂಆರ್‌ಡಿ ಉಳಿಯುವ ಸಾಧ್ಯತೆ ಗಮನಾರ್ಹವಾಗಿ ತಗ್ಗಿತು. ಔಷಧವನ್ನು ಒಂದು ಹನಿಯೂ ಹೆಚ್ಚಿಸದೆ ದೊರೆತ ಫಲ ಇದು. ಆದರೆ ನಲವತ್ತು ಜನರ ಪ್ರಯೋಗ ಚಿಕ್ಕದು, ಹಿಂದಿನ ರೋಗಿಗಳೊಂದಿಗಿನ ಹೋಲಿಕೆಗೆ ಮಿತಿಗಳಿವೆ. ಅದಕ್ಕಾಗಿಯೇ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ದೊಡ್ಡ ಪ್ರಮಾಣದ ಎರಡನೆಯ ಪ್ರಯೋಗವನ್ನು ಕೈಗೊಂಡಿದ್ದಾರೆ. ಮೊದಲ ಪ್ರಯೋಗದಲ್ಲಿ ಪ್ರತಿ ರೋಗಿಯ ಬೆನ್ನಿಗೂ ಆಹಾರ ತಜ್ಞರಿದ್ದರು ಎಂಬುದನ್ನು ಗಮನಿಸಬೇಕು. ಮನೆಯಲ್ಲಿ ತಾವಾಗಿಯೇ ಮಗುವಿನ ಊಟಕ್ಕೆ ಕತ್ತರಿ ಹಾಕುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ನಮ್ಮ ಅಡುಗೆಯ ಮಟ್ಟಿಗೆ ನನ್ನ ಅನುಭವ ಹೇಳುತ್ತೇನೆ. ಧಾರವಾಡ ಸೀಮೆಯ ದಿನನಿತ್ಯದ ಊಟ ಈ ಕೆಲಸಕ್ಕೆ ಬಹಳ ಯೋಗ್ಯವಾದದ್ದು. ಜೋಳದ ರೊಟ್ಟಿ, ಬೇಯಿಸಿದ ಸೊಪ್ಪಿನ ಪಲ್ಯ, ಹೆಸರುಕಾಳಿನ ಉಸುಳಿ, ಎಣ್ಣೆ ಹಿಡಿತದಲ್ಲಿಟ್ಟ ಝುಣಕ, ಬೇಯಿಸಿದ ಮೊಟ್ಟೆ ಇವುಗಳಲ್ಲಿ ಹೊಟ್ಟೆ ತುಂಬುತ್ತದೆ, ಸ್ನಾಯುವಿಗೆ ಬೇಕಾದ ಪ್ರೋಟೀನೂ ಸಿಗುತ್ತದೆ. ತೊಂದರೆ ಇರುವುದು ಊಟದ ನಡುವೆ ಬರುವ ತಿನಿಸುಗಳಲ್ಲಿ. ನೋಡಲು ಬಂದ ಬಂಧುಗಳು ಬಿಸ್ಕೀಟು, ಪೇಢೆ, ಗ್ಲುಕೋಸ್ ಪುಡಿ, ಹಣ್ಣಿನ ರಸದ ಪೊಟ್ಟಣ ತರುತ್ತಾರೆ. ಬರಿಗೈಯಲ್ಲಿ ಬರುವುದು ನಮ್ಮ ಪದ್ಧತಿಯಲ್ಲ, ತಂದದ್ದನ್ನು ಬೇಡವೆನ್ನುವುದೂ ಅಲ್ಲ. ಮಗುವಿನ ತಂದೆ ಮೊದಲೇ ಫೋನ್ ಮಾಡಿ ಮೋಸಂಬಿ, ದಾಳಿಂಬೆ ತನ್ನಿರಿ ಎಂದು ಹೇಳಿದ ಮನೆಗಳಲ್ಲಿ ಈ ತೊಂದರೆ ತಾನಾಗಿಯೇ ತೀರಿದೆ. ಶೇಂಗಾ ಹಿಂಡಿಯನ್ನು ರೊಟ್ಟಿಯ ಜೊತೆ ಎಷ್ಟು ಹಾಕುತ್ತೀರಿ ಎಂದು ನಾನು ಕೇಳಿದಾಗ ನಕ್ಕವರಿದ್ದಾರೆ. ನೂರು ಗ್ರಾಂ ಶೇಂಗಾದಲ್ಲಿ 550ಕ್ಕೂ ಹೆಚ್ಚು ಕಿಲೋಕ್ಯಾಲರಿ ಇದೆ, ಅಷ್ಟೇ ಜೋಳದಲ್ಲಿ 350ರ ಒಳಗೆ. ಸೊರಗಿದ ಮಗುವಿಗೆ ಅದೇ ಹಿಂಡಿ ವರ, ಮೈ ಬಂದ ಮಗುವಿಗೆ ಒಂದು ಚಮಚ ಸಾಕು. ಬಿಳಿರಕ್ತಕಣ ಇಳಿದ ದಿನಗಳಲ್ಲಿ ಹಕ್ಕರಕಿ, ಮೆಂತ್ಯದಂಥ ಹಸಿ ತಪ್ಪಲನ್ನು ರೊಟ್ಟಿಯ ಜೊತೆ ತಿನ್ನುವ ನಮ್ಮ ರೂಢಿಯನ್ನೂ ಬಂಡಿಯ ಮೇಲಿನ ಗಿರ್ಮಿಟ್ಟನ್ನೂ ಸೋಂಕಿನ ಕಾರಣಕ್ಕೆ ಬಿಡಬೇಕಾಗುತ್ತದೆ. ಮನೆಯ ಮಂಡಕ್ಕಿಗೆ ಬೇಯಿಸಿದ ಉಳ್ಳಾಗಡ್ಡಿ ಕಲಸಿ ಕೊಟ್ಟರೆ ಮಕ್ಕಳು ಅದನ್ನೂ ಗಿರ್ಮಿಟ್ ಎಂದೇ ತಿನ್ನುತ್ತಾರೆ.

ನಡೆದಾಡುವುದರ ಬಗ್ಗೆ ನಾವು ಸಾಕಷ್ಟು ಮಾತಾಡುವುದಿಲ್ಲ. ಕ್ಯಾನ್ಸರ್ ಎಂದ ಕೂಡಲೇ ಮಗುವನ್ನು ಮಂಚದಿಂದ ಕೆಳಗಿಳಿಸದೆ ನೋಡಿಕೊಳ್ಳುವುದೇ ಪ್ರೀತಿ ಎಂದು ತಿಳಿಯುತ್ತೇವೆ. ವಿನ್‌ಕ್ರಿಸ್ಟಿನ್ ಪಾದದ ನರಗಳನ್ನು, ಸ್ಟೀರಾಯ್ಡ್ ತೊಡೆಯ ಸ್ನಾಯುಗಳನ್ನು ಬಳಲಿಸುವುದರಿಂದ ಮಗುವಿಗೆ ನಡೆಯಲು ಬೇಸರ ನಿಜ. ಆದರೆ ಬಳಸದ ಸ್ನಾಯು ಇನ್ನೂ ಬೇಗ ಕರಗುತ್ತದೆ. ಜ್ವರವಿಲ್ಲದ ದಿನ, ವೈದ್ಯರು ಒಪ್ಪಿದರೆ, ವಾರ್ಡಿನ ಪಡಸಾಲೆಯಲ್ಲಿ ನಾಲ್ಕು ಸುತ್ತು ನಡೆಸುವುದು, ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿಸುವುದು ಸಹ ಚಿಕಿತ್ಸೆಯ ಭಾಗವೇ.

ಇಂಡಕ್ಷನ್ ಮುಗಿದ ಮೇಲೆ ಮಕ್ಕಳು ಊರಿಗೆ ಹೋಗುತ್ತಾರೆ. ನಮ್ಮ ಭಾಗದ ಅನೇಕ ಕುಟುಂಬಗಳು ಸುಮಾರು 400 ಕಿಲೋಮೀಟರ್ ದೂರದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಿ ಬರುತ್ತವೆ, ಕೆಲವು ಹುಬ್ಬಳ್ಳಿಯಲ್ಲಿಯೇ ಚಿಕಿತ್ಸೆ ಮುಂದುವರಿಸುತ್ತವೆ. ನಿರ್ವಹಣೆಯ ಹಂತದಲ್ಲಿ ದಿನವೂ ಮರ್ಕಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಗುಳಿಗೆ ನುಂಗುತ್ತ ತಿಂಗಳುಗಳು ಸಾಗುತ್ತವೆ. ಒಂದು ಭೇಟಿಗೂ ಮುಂದಿನ ಭೇಟಿಗೂ ನಡುವೆ ತೂಕ ಏರಿದ್ದು ಗಮನಕ್ಕೆ ಬಾರದೆ ಹೋಗುವುದು ಈ ಹಂತದಲ್ಲಿಯೇ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹದಿನೈದು ದಿನಕ್ಕೊಮ್ಮೆ, ಒಂದೇ ಯಂತ್ರದಲ್ಲಿ, ಚಪ್ಪಲಿ ಬಿಡಿಸಿ ತೂಗಿ ಬರೆದಿಟ್ಟರೆ, ವೈದ್ಯರಿಗೆ ಔಷಧದ ಅಳತೆ ಸರಿಪಡಿಸಲೂ ನಮಗೆ ಊಟ ಸರಿಪಡಿಸಲೂ ಆಧಾರ ಸಿಗುತ್ತದೆ. ಗುಣವಾದ ಮೇಲೂ ಈ ಮಕ್ಕಳಲ್ಲಿ ಬೊಜ್ಜು, ಸಕ್ಕರೆ ಕಾಯಿಲೆಯ ಸಾಧ್ಯತೆ ಹೆಚ್ಚು. ಹೃದಯವನ್ನು ಬಳಲಿಸಬಲ್ಲ ಡಾನೊರುಬಿಸಿನ್ ಪಡೆದವರ ಹೃದಯಕ್ಕೆ ಹೆಚ್ಚುವರಿ ಭಾರ ಒಳ್ಳೆಯದಲ್ಲ, ಸ್ಟೀರಾಯ್ಡಿನಿಂದ ಸೊಂಟದ ಕೀಲಿನ ಮೂಳೆ ಜೀವ ಕಳೆದುಕೊಳ್ಳುವ ತೊಂದರೆಯೂ ಭಾರದ ಮೈಯಲ್ಲಿ ಹೆಚ್ಚಾಗಿ ಕಾಣುತ್ತದೆ.

ರೋಣದ ತಾಯಿ ಮಗನ ಶಾಲೆಯ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಗೆರೆ ಎಳೆದು ತೂಕ, ರಟ್ಟೆಯ ಅಳತೆ, ರಾತ್ರಿ ಎಷ್ಟು ಸಲ ಎದ್ದು ಉಂಡ ಎಂಬ ಮೂರನ್ನೂ ಬರೆದಿಡತೊಡಗಿದರು. ರಾತ್ರಿಯ ಹಸಿವಿಗೆಂದು ಮಲಗುವ ಮುನ್ನ ಒಂದು ಡಬ್ಬಿಯಲ್ಲಿ ಉಸುಳಿ, ಇನ್ನೊಂದರಲ್ಲಿ ಅರ್ಧ ರೊಟ್ಟಿ ಇಟ್ಟುಕೊಳ್ಳುತ್ತಿದ್ದರು. ಇಂಡಕ್ಷನ್ ಮುಗಿದು, ಸ್ಟೀರಾಯ್ಡ್ ನಿಂತು ಆರು ವಾರಗಳಾದ ಮೇಲೆ ಅವರು ತಂದ ಹಾಳೆಯಲ್ಲಿ ತೂಕ 38 ಕಿಲೋ ಇತ್ತು, ರಟ್ಟೆ ತನ್ನ ಮೊದಲಿನ ಅಳತೆಗೆ ಮರಳಿತ್ತು. ಹುಡುಗ ಈ ಸಲ ಯಂತ್ರದಿಂದ ಯಾರ ಹೆಗಲನ್ನೂ ಹಿಡಿಯದೆ ಇಳಿದ.